ಅಂಗಡಿಗೋಡೆಯ ರೆಕ್ಕೆಗಳು

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಜಾನ್ ಲೂಯಿಸ್ ಮಳಿಗೆ 1940ರ ಬಾಂಬ್ ದಾಳಿಯಲ್ಲಿ ಸುಟ್ಟಿತ್ತು. ಮತ್ತೆ ಕಟ್ಟಿದಾಗ ಪಕ್ಕದ ಹೋಲ್ಸ್ ಸ್ಟ್ರೀಟ್ ಕಡೆಯ ಗೋಡೆ ಬೋಳಾಗಿ ಉಳಿಯಿತು. 1961ರಲ್ಲಿ ಕಂಪನಿ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರನ್ನು ಕೇಳಿತು. ಅಲ್ಲಿ ನೌಕರರೇ ಪಾಲುದಾರರು; ಆ ಭಾವ ಶಿಲ್ಪದಲ್ಲಿ ಕಾಣಬೇಕಿತ್ತು. ಕಂಪನಿಯ ನಿಯಮಾವಳಿಯನ್ನು ಲೋಹಕ್ಕೆ ಅನುವಾದಿಸಿ ಎಂದಂತೆ!

ಮೊದಲ ಪ್ರಸ್ತಾವ ತಿರಸ್ಕೃತವಾಯಿತು. ಆಗ ಹೆಪ್‌ವರ್ತ್ 1957ರ ತಮ್ಮದೇ ಸಣ್ಣ ಕೃತಿಯೊಂದನ್ನು ಹಿಗ್ಗಿಸಿದರು: ಅಲ್ಯುಮಿನಿಯಂನ ಎರಡು ಅಗಲ ರೆಕ್ಕೆ, ನಡುವೆ ಬಿಗಿದ ಸರಳುಗಳು, ಸುಮಾರು 19 ಅಡಿ ಎತ್ತರ. ಅಂದರೆ ಪ್ರಶ್ನೆಗಿಂತ ಉತ್ತರವೇ ನಾಲ್ಕು ವರ್ಷ ಹಳೆಯದು. ಪಾಲುದಾರಿಕೆಯ ಅರ್ಥವನ್ನು ಆಮೇಲೆ ಹಚ್ಚಿದ್ದು ಎನ್ನಬಹುದು. ನನಗೇನೋ ಅದು ಮೋಸ ಅನ್ನಿಸುವುದಿಲ್ಲ; ರೆಕ್ಕೆಗಳೆರಡನ್ನೂ ಹಿಡಿದಿರುವುದು ಆ ಸರಳುಗಳೇ ಎಂದು ಕಣ್ಣಿಗೆ ತೋರುತ್ತದೆ. 1963ರ ಏಪ್ರಿಲ್ 21ರಂದು ಅನಾವರಣವಾಯಿತು. ಅಂದು ಭಾನುವಾರ.