ಕುಂದಗೋಳ: ಗುಡಿ, ವಾಡೆ, ಮಣ್ಣಿನ ಮಾಳಿಗೆ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ಎರಿಹೊಲಗಳ ನಡುವೆ ಸ್ವಲ್ಪ ಹೊತ್ತು ಓಡಿದರೆ ಕುಂದಗೋಳ ಬರುತ್ತದೆ. ಹತ್ತಿ, ಮೆಣಸಿನಕಾಯಿ, ಶೇಂಗಾ ಬೆಳೆಯುವ ಸೀಮೆ. ಧಾರವಾಡ ಜಿಲ್ಲೆಯ ಮಡಿಲಲ್ಲೇ ಇದ್ದರೂ ಈ ಊರು 1948ರವರೆಗೆ ಆ ಜಿಲ್ಲೆಯದಾಗಿರಲಿಲ್ಲ. ದೂರದ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ ಒಂದು ತುಂಡು ಇದು. ಸುತ್ತಲಿನ ಹಳ್ಳಿಗಳಲ್ಲಿ ಬ್ರಿಟಿಷರ ಆಡಳಿತ, ಇಲ್ಲಿ ಮಾತ್ರ ಸಂಸ್ಥಾನದ್ದು. ರಾಜನ ಮನೆ ಅಷ್ಟು ದೂರವಿದ್ದಾಗ ಊರ ಮಟ್ಟಿಗೆ ದೊಡ್ಡಮನೆ ಎಂದರೆ ನಾಡಗೀರರ ವಾಡೆಯೇ.

ಕುಂದಗೋಳದ ಹೆಸರು ದೇಶಕ್ಕೆ ಗೊತ್ತಾದದ್ದೂ ಆ ವಾಡೆಯಿಂದಲೇ. ರಂಗನಗೌಡ ನಾಡಗೀರರ ಹತ್ತಿರ ಕಾರಕೂನರಾಗಿದ್ದ ಗಣೇಶ ಸಂಶಿಯವರ ಮಗ ರಾಮಚಂದ್ರ ಹುಟ್ಟಿದ್ದು 1886ರಲ್ಲಿ. ಸಂಶಿ ಎಂಬುದು ಕುಂದಗೋಳದ ಪಕ್ಕದ ಊರು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನಾಡಗೀರರಲ್ಲಿಗೆ ಬಂದು ಇಳಿದುಕೊಳ್ಳುತ್ತಿದ್ದರು. ಹುಡುಗನ ದನಿ ಅವರ ಕಿವಿಗೆ ಬಿತ್ತು, ಹುಡುಗ ಅವರ ಶಿಷ್ಯನಾದ. ಮುಂದೆ ಮರಾಠಿ ನಾಟಕ ಕಂಪನಿಗಳಲ್ಲಿ ಹಾಡಿ, ಅಭಿನಯಿಸಿ, ಸವಾಯಿ ಗಂಧರ್ವ ಎಂಬ ಬಿರುದು ಪಡೆದವರು ಇದೇ ರಾಮಭಾವು ಕುಂದಗೋಳಕರ.

ನಾಟಕದ ಬಣ್ಣ ಅಳಿಸಿ ಅವರು ಊರಿಗೆ ಮರಳಿದ ಮೇಲೆ ಕುಂದಗೋಳ ಒಂದು ಪಾಠಶಾಲೆಯೇ ಆಯಿತು. ಗದಗಿನ ಭೀಮಸೇನ ಜೋಶಿ ಎಂಬ ಹುಡುಗ ಗುರುವಿನ ಮನೆಯಲ್ಲೇ ಉಳಿದ. ಕೊಡ ಹೊತ್ತು ನೀರು ತುಂಬುವುದೂ ಪಾಠದ ಭಾಗವೇ ಆಗಿತ್ತು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ನಿಲ್ದಾಣದಿಂದ ನಡೆದು ಗುರುವಿನ ಮನೆ ಸೇರಿ, ಪಾಠ ಮುಗಿಸಿ ಮತ್ತೆ ರೈಲಿಗೆ ಓಡುತ್ತಿದ್ದರು. ಒಬ್ಬ ಹೆಣ್ಣುಮಗಳು ಸಂಜೆಹೊತ್ತು ಹಾಡು ಕಲಿಯಲು ಹೀಗೆ ಓಡಾಡುವುದನ್ನು ಊರು ಸುಮ್ಮನೆ ನೋಡುವ ಕಾಲ ಅದಾಗಿರಲಿಲ್ಲ. ಹಾಗಾಗಿ ಊರ ಚರಿತ್ರೆ ಬರೆಯುವವರು ವಾಡೆಯ ಜೊತೆಗೆ ರೈಲು ನಿಲ್ದಾಣವನ್ನೂ ಪಟ್ಟಿಗೆ ಸೇರಿಸಬೇಕು.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಪುಣೆಯಲ್ಲಿ ಮರುವರ್ಷವೇ ಅವರ ಹೆಸರಿನ ಉತ್ಸವ ಶುರುವಾಯಿತು. ಭೀಮಸೇನರ ದೆಸೆಯಿಂದ ಅದು ಸಾವಿರಾರು ಜನ ಸೇರುವ ದೊಡ್ಡ ಜಾತ್ರೆಯಾಗಿ ಬೆಳೆಯಿತು. ಕುಂದಗೋಳದ್ದು ಬೇರೆ ಬಗೆ. ಇಲ್ಲಿ ಗುರುವಿನ ಪುಣ್ಯತಿಥಿಯ ನೆನಪಿನ ಸಂಗೀತ ನಡೆಯುವುದು ವಾಡೆಯ ಒಳಗೇ, ರಾತ್ರಿಯಿಡೀ. ಹಾಡುವವರಿಗೂ ಕೇಳುವವರಿಗೂ ನಡುವೆ ನಾಲ್ಕು ಮಾರು ಅಂತರ. ಗಂಗೂಬಾಯಿ, ಭೀಮಸೇನ ಇಬ್ಬರೂ ದೊಡ್ಡ ಹೆಸರಾದ ಮೇಲೂ ಇಲ್ಲಿಗೆ ಬಂದು ಕೂತು ಹಾಡಿದವರು.

ಕಟ್ಟಡದ ಮಟ್ಟಿಗೆ ಈ ಒಂದು ರಾತ್ರಿಯ ಬೆಲೆ ದೊಡ್ಡದು. ನೂರಾರು ಜನ ಬಂದು ಕೂರುವ ಜಾಗವೆಂದ ಮೇಲೆ ವರ್ಷಕ್ಕೊಮ್ಮೆಯಾದರೂ ಮಾಡಿನ ಮೇಲೆ ಯಾರಾದರೂ ಹತ್ತಲೇಬೇಕು. ಸೋರುವುದೆಲ್ಲಿ, ಗೆದ್ದಲು ಹಿಡಿದ ತೊಲೆ ಯಾವುದು ಎಂದು ನೋಡಲೇಬೇಕು. ಈ ಒತ್ತಾಯ ಇಲ್ಲದ ಮನೆಗಳ ಗತಿ ಏನಾಗುತ್ತದೆಂದು ತಿಳಿಯಲು ಧಾರವಾಡದ ಶುಕ್ರವಾರಪೇಟೆಗೆ ಹೋದರೆ ಸಾಕು. ಗಂಗೂಬಾಯಿಯವರು ಬಾಲ್ಯ ಕಳೆದ ಮನೆಯನ್ನು ಸರ್ಕಾರ ದುರಸ್ತಿ ಮಾಡಿಸಿ ಸಂಗ್ರಹಾಲಯ ಮಾಡಿತು. ಆಮೇಲೆ ನೋಡಿಕೊಳ್ಳುವವರಿಲ್ಲದೆ ಅದು ಪಾಳುಬಿದ್ದು ಕುಸಿಯಿತು. ದುಡ್ಡು ಖರ್ಚಾಗಿತ್ತು, ಫಲಕವೂ ಇತ್ತು, ದಿನದ ಕೆಲಸವೊಂದು ಇರಲಿಲ್ಲ.

ಕುಂದಗೋಳದ ಶಂಭುಲಿಂಗ ಗುಡಿಯದು ಮತ್ತೊಂದು ಬಗೆಯ ಕಾವಲು. ಹನ್ನೊಂದನೇ ಶತಮಾನದ ಹೊತ್ತಿನ ಈ ಕಲ್ಯಾಣ ಚಾಲುಕ್ಯರ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿ ಕಾಯ್ದೆಯ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇದ್ದ ಮನೆಯನ್ನು ರಿಪೇರಿ ಮಾಡಲೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಏನು ಕಟ್ಟಬೇಕಿದ್ದರೂ ಪರವಾನಗಿ ಕೇಳಬೇಕು. ಕಾಯ್ದೆ ಇರದಿದ್ದರೆ ಎಷ್ಟೋ ಊರುಗಳಲ್ಲಿ ಗುಡಿಯ ಗೋಡೆಗೇ ಅಂಗಡಿಯ ಶೆಡ್ಡು ಆತುಕೊಂಡಿರುತ್ತಿತ್ತು, ನಿಜ. ಆದರೆ ಗುಡಿಯ ಓಣಿಯಲ್ಲಿ ಮೂರು ತಲೆಮಾರಿನಿಂದ ಇರುವ ಮನೆಯವರಿಗೆ ಸ್ಮಾರಕವೆಂದರೆ ಮೊದಲು ನೆನಪಾಗುವುದು ಅರ್ಜಿ ನಮೂನೆ. ಅವರನ್ನು ಬೈದು ಪ್ರಯೋಜನವಿಲ್ಲ.

ಕಟ್ಟಡ ಕಾಯುವ ಈ ಕೆಲಸವನ್ನು ಹಳೆಯವರು ಹೇಗೆ ಮಾಡುತ್ತಿದ್ದರೆಂದು ಇದೇ ಜಿಲ್ಲೆಯ ಅಣ್ಣಿಗೇರಿಯ ಚರಿತ್ರೆ ಹೇಳುತ್ತದೆ. ಅಮೃತೇಶ್ವರನ ಗುಡಿಯ 76 ಕಂಬಗಳಿಗಾಗಿ ಜನ ಅಲ್ಲಿಗೆ ಹೋಗುತ್ತಾರೆ. ಕಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಕಡೆದ ಕೆಲಸ ಅದು. ಆದರೆ ಅದೇ ಅಣ್ಣಿಗೇರಿಯಲ್ಲಿ ಗಂಗರ ಕಾಲದ ಒಂದು ಜೈನ ಬಸದಿಯೂ ಇತ್ತು. ಚೋಳರ ದಾಳಿಯಲ್ಲಿ ಅದು ಸುಟ್ಟುಹೋಯಿತು. ಅದನ್ನು ಲಕ್ಷ್ಮರಸನೆಂಬ ಮಹಾಮಂಡಲೇಶ್ವರ ಮತ್ತೆ ಎತ್ತಿ ನಿಲ್ಲಿಸಿದ ಸಂಗತಿ 1071ರ ಹೊತ್ತಿನ ಗಾವರವಾಡದ ಶಾಸನದಲ್ಲಿದೆ. ಕಟ್ಟಿಸಿ ಕೈಬಿಡಲಿಲ್ಲ, ಭೂಮಿಯನ್ನೂ ದತ್ತಿ ಬಿಟ್ಟ. ಆ ಕಾಲದ ದತ್ತಿ ಶಾಸನಗಳಲ್ಲಿ ಪೂಜೆ, ಆಹಾರದಾನದ ಜೊತೆಗೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವ ಖರ್ಚೂ ಸಾಮಾನ್ಯವಾಗಿ ಸೇರಿರುತ್ತದೆ. ದುರಸ್ತಿಯ ದುಡ್ಡು ಹೊಲದಿಂದ ವರ್ಷವರ್ಷ ಬರಬೇಕು, ಅನುದಾನಕ್ಕೆ ಕಾಯಬಾರದು ಎಂಬ ಲೆಕ್ಕಾಚಾರ.

ಗುಡಿಗೆ ಇಲಾಖೆ ಇದೆ, ವಾಡೆಗೆ ಸಂಗೀತ ಇದೆ. ಎರಡೂ ಇಲ್ಲದ್ದು ಮಣ್ಣಿನ ಮಾಳಿಗೆ ಮನೆಗೆ.

ಈ ಸೀಮೆಯ ಹಳೆಯ ಮನೆಯೆಂದರೆ ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಹೊರಗೆ ಉರಿಬಿಸಿಲಿದ್ದರೂ ಪಡಸಾಲೆಯಲ್ಲಿ ತಂಪು. ಆದರೆ ಅದು ಕೈಕೆಲಸ ಕೇಳುವ ಮನೆ. ಮುಂಗಾರಿಗೆ ಮೊದಲು ಮಾಳಿಗೆಗೆ ಕರಲು ಮಣ್ಣು ಹಾಕಿ ತುಳಿಯಬೇಕು, ಗೋಡೆಗೆ ಗಿಲಾವು ಮಾಡಬೇಕು, ನೀರು ಹೋಗುವ ದೋಣಿ ಕಟ್ಟಿಕೊಳ್ಳದಂತೆ ನೋಡಬೇಕು. ಆ ಕೆಲಸ ಬಲ್ಲ ಕೈಗಳು ಈಗ ಹುಬ್ಬಳ್ಳಿಯಲ್ಲಿ ಸೆಂಟ್ರಿಂಗ್ ಕಟ್ಟುತ್ತಿವೆ. ಮನೆಯವರು ಸುಲಭವೆಂದು ಮಣ್ಣಿನ ಗೋಡೆಗೆ ಸಿಮೆಂಟು ಬಳಿಸುತ್ತಾರೆ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಸಡಿಲಾಗುತ್ತದೆ, ಮಳೆ ಹಿಡಿದ ಒಂದು ವಾರ ಸಾಕು ಅದಕ್ಕೆ.

2019ರ ಆಗಸ್ಟಿನ ಮಳೆಯಲ್ಲಿ ಆದದ್ದು ಇದೇ. ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಮಣ್ಣಿನ ಮನೆಗಳು ಬಿದ್ದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಸಾರಿತು. ಸೂರು ಕಳೆದುಕೊಂಡವರಿಗೆ ಅದು ಬೇಕೇಬೇಕಿತ್ತು. ಆದರೆ ಬೀಳದಂತೆ ಮೊದಲೇ ಗಿಲಾವು ಮಾಡಿಸುವವನಿಗೆ ಯಾವ ಯೋಜನೆಯೂ ಕೈಚಾಚುವುದಿಲ್ಲ. ಬಿದ್ದ ಮನೆಯ ಕೆತ್ತನೆಯ ಬಾಗಿಲು, ಕಂಬ, ಬೋದಿಗೆಗಳನ್ನು ಕೊಳ್ಳಲು ಹಳೇ ಕಟ್ಟಿಗೆಯ ವ್ಯಾಪಾರಿ ಬರುತ್ತಾನೆ. ಅವು ಯಾವುದೋ ಶಹರದ ಹೋಟೆಲಿನ ಮುಂಬಾಗಿಲಾಗುತ್ತವೆ. ಯಾವ ಓಣಿಯ ಯಾವ ಮನೆಯಲ್ಲಿ ಎಂಥ ಕಂಬಗಳಿವೆ ಎಂಬ ಲೆಕ್ಕ ಪಟ್ಟಣ ಪಂಚಾಯತಿಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಆ ಲೆಕ್ಕವನ್ನು ಊರೂ ಇಟ್ಟುಕೊಳ್ಳಬಹುದು, ಅದಕ್ಕೆ ಪುರಾತತ್ವ ಪದವಿ ಬೇಡ. ಹೈಸ್ಕೂಲು ಮಕ್ಕಳು ಒಂದು ಬೇಸಿಗೆ ಸೂಟಿಯಲ್ಲಿ ಓಣಿಗೊಬ್ಬರಂತೆ ನಡೆದು ಮನೆಯ ಫೋಟೋ ತೆಗೆದು, ಕಟ್ಟಿದ್ದು ಯಾರ ಕಾಲದಲ್ಲಿ, ಮಾಳಿಗೆಗೆ ಮಣ್ಣು ಎಲ್ಲಿಂದ ತರುತ್ತಿದ್ದರು, ಗಿಲಾವು ಮಾಡಲು ಈಗಲೂ ಯಾರಿಗೆ ಬರುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡರೆ ಮುಗಿಯಿತು. ಕೊನೆಯ ಪ್ರಶ್ನೆಯನ್ನು ಮೊದಲು ಕೇಳುವುದು ಒಳ್ಳೆಯದು. ಗಿಲಾವು ಬಲ್ಲವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ.