ಜಾಮೀನು ಸಹಿ ಯಾರದು?

ಊರು ಬಿಟ್ಟವರೆಲ್ಲ ನಿರಾಶ್ರಿತರಲ್ಲ. ನೌಕರಿಗಾಗಿ ಮುಂಬಯಿ ಕಡೆ ಬಂದ ನಾವು ಬೇಸರವಾದಾಗ ‘ಪರದೇಶಿಗಳಾದೆವು’ ಅನ್ನುತ್ತೇವೆ, ನಿಜ. ಆದರೆ ನಾಲ್ಕು ದಿನ ರಜೆ ಸಿಕ್ಕರೆ ಧಾರವಾಡದ ಬಸ್ಸು ಹತ್ತಬಹುದಿತ್ತು. ಹಿಂತಿರುಗುವ ಬಸ್ಸೇ ಇಲ್ಲದವನು ನಿರಾಶ್ರಿತ. ಈ ವ್ಯತ್ಯಾಸ ನನಗೆ ನೌಕರಿಯಲ್ಲಿ ತಿಳಿಯಿತು. ಅದರ ಇತಿಹಾಸ ಓದುವ ಹುಚ್ಚು ಹತ್ತಿದ್ದು ಮಗಳಿಂದ.

2018ರಲ್ಲಿ ಅವಳು ಲಂಡನ್ನಿನಲ್ಲಿ ಎಂ.ಎ. ಓದುವಾಗ ನಿರಾಶ್ರಿತರಿಗೆ ನೆರವಾಗುವ ಚಿಕ್ಕ ಸಂಸ್ಥೆಯೊಂದರಲ್ಲಿ ವಾರಕ್ಕೆ ಎರಡು ದಿನ ಇಂಟರ್ನ್ ಆಗಿದ್ದಳು. ಕಂಬಳಿ, ಊಟ ಹಂಚುವ ಕೆಲಸವಿರಬಹುದು ಅಂದುಕೊಂಡಿದ್ದೆ. ಅಲ್ಲ, ಫಾರಂ ತುಂಬುವ ಕೆಲಸ! ಆಶ್ರಯ ಮಂಜೂರಾದವನಿಗೂ ಬ್ಯಾಂಕ್ ಖಾತೆ ತೆಗೆಯಲು ವಿಳಾಸದ ಪುರಾವೆ ಬೇಕು. ವಿಳಾಸಕ್ಕೆ ಬಾಡಿಗೆ ಮನೆ ಬೇಕು. ಮನೆ ಮಾಲೀಕ ಮೊದಲು ಕೇಳುವುದು ಬ್ಯಾಂಕ್ ಖಾತೆ. ಸುಡಾನಿನಿಂದ ಬಂದ ಶಾಲಾ ಮಾಸ್ತರರೊಬ್ಬರ ಜೊತೆ ಮೂರು ಬ್ಯಾಂಕು ಸುತ್ತಿ ಸೋತು ಬಂದ ಸಂಜೆ ಫೋನ್ ಮಾಡಿದಳು.

“ಅಪ್ಪಾ, ಕೈಯಾಗ ಕಾಗದಪತ್ರ ಏನೂ ಇಲ್ಲದ ಮನಷ್ಯಾ ನಿಮ್ಮ ಬ್ಯಾಂಕಿಗೆ ಬಂದ್ರ ಏನ್ ಮಾಡ್ತಿದ್ರಿ?”

“ಗುರುತಿನವರೊಬ್ಬರ ಸಹಿ ತಗೋತಿದ್ವಿ” ಎಂದೆ.

ಮುಂದಿನ ವಾರ ಅವಳ ಸಂಸ್ಥೆಯ ಲೆಟರ್‌ಹೆಡ್ಡಿನ ಪತ್ರ ನೋಡಿ ನಾಲ್ಕನೇ ಬ್ಯಾಂಕು ಒಪ್ಪಿತು.

2002ರಲ್ಲಿ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಬರುವ ಮುಂಚೆ ನಮ್ಮಲ್ಲಿ ಹಳೆಯ ಖಾತೆದಾರನೊಬ್ಬ ಪರಿಚಯದ ಸಹಿ ಹಾಕಿದರೆ ಹೊಸಬನಿಗೆ ಖಾತೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಉಲ್ಲಾಸನಗರದ ಶಾಖೆಯಲ್ಲಿದ್ದೆ. ಎರಡನೇ ಮಹಾಯುದ್ಧ ಕಾಲದ ಸೈನ್ಯದ ಬ್ಯಾರಕ್ಕುಗಳಲ್ಲಿ, ದೇಶ ವಿಭಜನೆಯಾದ ಮೇಲೆ ಸಿಂಧಿನಿಂದ ಬಂದವರನ್ನು ಇರಿಸಿದ ಕಲ್ಯಾಣ್ ಕ್ಯಾಂಪ್ ಅದು. 1949ರ ಆಗಸ್ಟಿನಲ್ಲಿ ಅದು ಉಲ್ಲಾಸನಗರವಾಯಿತು. ವಿಳಾಸದಲ್ಲಿ ಮಾತ್ರ ಕ್ಯಾಂಪ್ ನಂಬರು, ಬ್ಯಾರಕ್ ನಂಬರು ಉಳಿದವು. ನಮ್ಮ ಶಾಖೆಯ ಫಾರಂಗಳಲ್ಲಿ ಪರಿಚಯದಾರರ ಜಾಗದಲ್ಲಿ ಹೆಚ್ಚಾಗಿ ಇರುತ್ತಿದ್ದುದು ಮುದುಕ ಸಿಂಧಿ ವ್ಯಾಪಾರಿಗಳ ಸಹಿ. ಒಮ್ಮೆ ತಮ್ಮನ್ನು ಬಲ್ಲವರು ಯಾರೂ ಇಲ್ಲದ ಊರಿಗೆ ಬಂದಿಳಿದವರು, ಈಗ ಬಿಹಾರದ ಹುಡುಗನಿಗೋ ಕಲಬುರ್ಗಿಯ ಗೌಂಡಿಗೋ ಜವಾಬ್ದಾರರಾಗುತ್ತಿದ್ದರು. ಅವರಂಥವರಿಗೆ ಸಾಲ ಕೊಡಲೆಂದೇ ಸರ್ಕಾರ 1948ರಲ್ಲಿ ಪುನರ್ವಸತಿ ಹಣಕಾಸು ಆಡಳಿತ ಎಂಬ ಸಂಸ್ಥೆ ಮಾಡಿತ್ತು.

ನಿರಾಶ್ರಿತರ ಇತಿಹಾಸವೆಂದರೆ ಒಂದು ರೀತಿಯಲ್ಲಿ ಜಾಮೀನಿನ ಇತಿಹಾಸವೇ. 1921ರಲ್ಲಿ ಸೋವಿಯತ್ ಸರ್ಕಾರ ದೇಶ ಬಿಟ್ಟ ಲಕ್ಷಾಂತರ ರಷ್ಯನ್ನರ ಪೌರತ್ವ ಕಿತ್ತುಕೊಂಡಿತು. ರಾಷ್ಟ್ರ ಸಂಘದ ಪರವಾಗಿ ನಾರ್ವೆಯ ಫ್ರಿಟ್‌ಜೋಫ್ ನಾನ್ಸೆನ್ ಮರುವರ್ಷ ಅವರಿಗಾಗಿ ಒಂದು ಗುರುತಿನ ಪತ್ರ ಜಾರಿಗೆ ತಂದ. ಅದೇ ನಾನ್ಸೆನ್ ಪಾಸ್‌ಪೋರ್ಟ್. ಮುಂದೆ ಐವತ್ತಕ್ಕೂ ಹೆಚ್ಚು ಸರ್ಕಾರಗಳು ಅದನ್ನು ಮಾನ್ಯ ಮಾಡಿದವು. ಅದರ ಮೇಲೆ ಐದು ಚಿನ್ನದ ಫ್ರಾಂಕಿನ ಸ್ಟಾಂಪು ಹಚ್ಚಬೇಕಿತ್ತು. ಆ ಹಣ ಬಡ ನಿರಾಶ್ರಿತರ ನೆರವಿಗೆ ಹೋಗುತ್ತಿತ್ತು.

1938ರ ಡಿಸೆಂಬರಿನಿಂದ ಬ್ರಿಟನ್ನು ನಾಜಿಗಳ ಕೈಗೆ ಸಿಕ್ಕಬಹುದಾಗಿದ್ದ ಸುಮಾರು 10,000 ಮಕ್ಕಳಿಗೆ ಬಾಗಿಲು ತೆರೆಯಿತು. ಪ್ರಾಗ್‌ನಿಂದ 669 ಮಕ್ಕಳನ್ನು ಕರೆತರಿಸಿದ ತಂಡದಲ್ಲಿದ್ದ ನಿಕೊಲಸ್ ವಿಂಟನ್ ನಮ್ಮ ಕಸುಬಿನವನೇ. ಹ್ಯಾಂಬರ್ಗ್, ಬರ್ಲಿನ್, ಪ್ಯಾರಿಸ್ಸಿನ ಬ್ಯಾಂಕುಗಳಲ್ಲಿ ಪಳಗಿ ಲಂಡನ್ನಿನಲ್ಲಿ ಷೇರು ದಲ್ಲಾಳಿಯಾಗಿದ್ದ. ಹಗಲು ಪೇಟೆಯ ಕೆಲಸ, ಸಂಜೆ ತಾಯಿಯ ಜೊತೆ ಈ ಕೆಲಸ. ಮಗುವಿಗೊಂದು ಮನೆ ಹುಡುಕಬೇಕು, ತಲಾ 50 ಪೌಂಡಿನ ಖಾತರಿ ಕಟ್ಟಿಸಬೇಕು. ಕೊನೆಯ ರೈಲು 1939ರ ಸೆಪ್ಟೆಂಬರ್ 1ಕ್ಕೆ ಹೊರಡಬೇಕಿತ್ತು. ಅದೇ ದಿನ ಯುದ್ಧ ಶುರುವಾಯಿತು. ಸುಮಾರು 250 ಮಕ್ಕಳು ಅಲ್ಲೇ ಉಳಿದರು. ಅವರ ಫಾರಂಗಳೂ ಭರ್ತಿಯಾಗಿದ್ದವು. ಫಾರಂ ಒಂದು ದಿನ ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ.

1951ರ ನಿರಾಶ್ರಿತರ ಒಪ್ಪಂದ ಬಂದದ್ದು ಈ ಪಾಠಗಳ ಮೇಲೆ. ಭಾರತ ಅದಕ್ಕೆ ಸಹಿ ಹಾಕಿಲ್ಲ; ನಮ್ಮಲ್ಲಿ ಪ್ರತ್ಯೇಕ ನಿರಾಶ್ರಿತರ ಕಾನೂನೂ ಇಲ್ಲ. ಹಾಗಿದ್ದೂ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟೆವು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು. ಆಗ ನಾನು ಸಾಲೆಯ ಹುಡುಗ. ಆ ನವೆಂಬರ್ 15ರಿಂದ ಅಂಚೆಗೆ ಐದು ಪೈಸೆಯ ‘ರೆಫ್ಯೂಜಿ ರಿಲೀಫ್’ ಚೀಟಿ ಹೆಚ್ಚಾಗಿ ಹಚ್ಚಬೇಕಾಯಿತು. “ಇದೇನ ಹೊಸಾದು?” ಅಂತ ಗೊಣಗಿದವರೂ ನಾಲಿಗೆಗೆ ತಾಗಿಸಿ ಅಂಟಿಸಿದರು. 1973ರ ಮಾರ್ಚ್ ಕೊನೆಯವರೆಗೆ ನಡೆಯಿತು.

2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿಗೂ ಹೆಚ್ಚು. ಅಷ್ಟು ಜನಕ್ಕೆ ನಾವೇನು ಮಾಡಲು ಸಾಧ್ಯ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಬ್ಯಾಂಕಿನಲ್ಲಿ ಕೋಟಿ ಜನಕ್ಕೆ ಯಾರೂ ಜಾಮೀನು ನಿಲ್ಲುವುದಿಲ್ಲ. ಒಂದು ಫಾರಂಗೆ ಒಂದು ಸಹಿ.