ಹೆರಿಗೆಯ ಶಾಸನವೂ ಅಡಿಕೆಯ ಅಂಗಳವೂ

ದುಡಿಯುವ ಸ್ತ್ರೀಯರ ಆರೋಗ್ಯವನ್ನು ಕುರಿತ ಶಾಸನಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗಿರಣಿಗಳಿಂದಲೂ ಗಣಿಗಳಿಂದಲೂ ಆರಂಭಿಸುತ್ತಾರೆ. ಅದೇ ಇತಿಹಾಸವನ್ನು ಸಿದ್ದಾಪುರ ತಾಲ್ಲೂಕಿನ ಮನ್ಮನೆಯಂತಹ ಅಡಿಕೆಯ ಊರಿನಲ್ಲಿ ನಿಂತು ನೋಡಿದರೆ ಅದು ಬೇರೊಂದು ರೂಪದಲ್ಲಿ ಕಾಣಿಸುತ್ತದೆ. ಗರ್ಭಕಂಠದ ಅರ್ಬುದರೋಗವು, ಎಂದರೆ ಕ್ಯಾನ್ಸರು, ಆ ರೂಪವನ್ನು ಸ್ಪಷ್ಟಪಡಿಸುವ ಒಂದು ನಿದರ್ಶನವಾಗಿದೆ.

ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಭಾರತದ ಮೊದಲ ಹೆರಿಗೆ ಸೌಲಭ್ಯದ ಶಾಸನವು ಆ ಮುಂಬಯಿಯಲ್ಲಿಯೇ 1929ರಲ್ಲಿ ಅಂಗೀಕೃತವಾಯಿತು. ಆದರೆ ಅದು ಕಾರ್ಖಾನೆಯ ಹೆಂಗಸರಿಗೆ ಸಂಬಂಧಿಸಿದ ಶಾಸನ. ಮೆಟ್ಟುಗತ್ತಿಯ ಮೇಲೆ ಕುಳಿತು ಇರುಳೆಲ್ಲ ಅಡಿಕೆ ಸುಲಿಯುವ ಹೆಣ್ಣಾಳಿನ ಅಂಗಳವು ಕಾರ್ಖಾನೆಯಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯಾದರೂ ಅವಳನ್ನು ಒಳಗೊಂಡಿತೇ ಎಂದರೆ, ಅದೂ ಇಲ್ಲ. ಆ ಕಾಯಿದೆಯು ಹೆಸರಿಸಿದ್ದು ಚಹಾ, ಕಾಫಿ, ರಬ್ಬರು, ಸಿಂಕೋನಾ ಬೆಳೆಗಳನ್ನು. ಅದೂ 25 ಎಕರೆಗೂ 30 ಆಳುಗಳಿಗೂ ಕಡಿಮೆಯಿಲ್ಲದ ತೋಟಗಳನ್ನು. ಕಣಿವೆಯ ಸಣ್ಣ ಸಣ್ಣ ಅಡಿಕೆ ತೋಟಗಳು ಬೆಳೆಯಿಂದಲೂ ಹೊರಗುಳಿದವು, ವಿಸ್ತಾರದಿಂದಲೂ ಹೊರಗುಳಿದವು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ತೋಟವೆಂಬ ಶಬ್ದಕ್ಕೆ ಇದೇ ಅರ್ಥವನ್ನು ಎರವಲು ಪಡೆಯಿತು.

ಒಳಗೊಂಡಿದ್ದರೂ ಪ್ರಯೋಜನವು ಎಷ್ಟಾಗುತ್ತಿತ್ತು ಎಂಬುದು ವಿಚಾರಾರ್ಹ. 1961ರ ಕಾಯಿದೆಯಲ್ಲಿ ಹೆರಿಗೆಯ ರಜೆಯುಂಟು, ಗರ್ಭಸ್ರಾವದ ರಜೆಯುಂಟು, ಬಸಿರಿನಿಂದ ಬಂದ ಕಾಯಿಲೆಗೆ ಒಂದು ತಿಂಗಳ ರಜೆಯುಂಟು. ಶಾಸನಕರ್ತರಿಗೆ ಕಂಡವಳು ತಾಯಿ. ಹೆರುವುದನ್ನು ಮುಗಿಸಿ ನಲವತ್ತು ದಾಟಿಯೂ ಕೂಲಿಗೆ ಹೋಗುವ ಹೆಂಗಸು ಕಾಣಲಿಲ್ಲ. ಗರ್ಭಕಂಠದ ಅರ್ಬುದವಾದರೋ ಬಹುಮಟ್ಟಿಗೆ ಆ ವಯಸ್ಸಿನವರನ್ನೇ ಹಿಡಿಯುತ್ತದೆ.

ಈ ರೋಗಕ್ಕೂ ಸ್ತ್ರೀಜೀವನದ ಕ್ರಮಕ್ಕೂ ಇರುವ ನಂಟು ಹಳೆಯ ಅರಿವು. ಇಟಲಿಯ ವೆರೋನಾ ನಗರದ ಮರಣದಾಖಲೆಗಳನ್ನು ಪರಿಶೀಲಿಸಿದ ರಿಗೋನಿ ಸ್ಟರ್ನ್ ಎಂಬ ವೈದ್ಯನು 1842ರಲ್ಲಿಯೇ, ಗರ್ಭಾಶಯದ ಅರ್ಬುದವು ವಿವಾಹಿತೆಯರಿಗಿಂತ ಸನ್ಯಾಸಿನಿಯರಲ್ಲಿ ವಿರಳವೆಂದು ತೋರಿಸಿದನು. ಕಾರಣವು ಪ್ಯಾಪಿಲೋಮಾ ಎಂಬ ವೈರಸ್ ಎಂಬುದು ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್‌ರ 1983ರ ಸಂಶೋಧನೆಯಿಂದ ಗೊತ್ತಾಯಿತು. ಸೋಂಕು ಅರ್ಬುದವಾಗಿ ಬೆಳೆಯಲು ಹತ್ತು ಹದಿನೈದು ವರ್ಷಗಳಾದರೂ ಬೇಕು. ಇಷ್ಟು ಸಾವಕಾಶ ಕೊಡುವ ಅರ್ಬುದಗಳು ಕೆಲವೇ. ಆದುದರಿಂದಲೇ ಇದರಿಂದಾಗುವ ಸಾವು ಹೆಚ್ಚು ಖೇದಕರ. ಗ್ರೀಸಿನ ಪಾಪನಿಕೊಲೌ ಎಂಬ ವಿದ್ವಾಂಸರು ಅಮೆರಿಕದಲ್ಲಿ ರೂಪಿಸಿದ ಜೀವಕಣ ಪರೀಕ್ಷೆಯು 1943ರ ವೇಳೆಗೆ ಗ್ರಂಥರೂಪದಲ್ಲಿ ಪ್ರಕಟವಾಗಿದ್ದಿತು. ಆದರೆ ಅದಕ್ಕೆ ಪ್ರಯೋಗಶಾಲೆ ಬೇಕು, ಪರಿಣತರು ಬೇಕು. ಘಟ್ಟದ ಮೇಲಿನ ಹಳ್ಳಿಗೆ ಅದು ದೂರದ ಮಾತು.

ಹಳ್ಳಿಗೆ ಒಗ್ಗುವ ಮಾರ್ಗವನ್ನು ತೋರಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಲೇಪಿಸಿ ಒಂದು ನಿಮಿಷದ ಬಳಿಕ ನೋಡಿದರೆ ಕೆಟ್ಟ ಭಾಗವು ಬಿಳುಪೇರುತ್ತದೆ. 1998ರಿಂದ ನಗರದ ಕೊಳಗೇರಿಗಳಲ್ಲಿ, ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರಿಗೆ ಕೆಲವೇ ವಾರ ತರಬೇತಿಯಿತ್ತು, ಸುಮಾರು 75,000 ಸ್ತ್ರೀಯರಿಗೆ ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಯನ್ನು ಏರ್ಪಡಿಸಲಾಯಿತು. ಈ ರೋಗದ ಸಾವು 31 ಪ್ರತಿಶತ ತಗ್ಗಿತೆಂದು 2013ರಲ್ಲಿ ವರದಿಯಾಯಿತು. ಹೋಲಿಕೆಗೆಂದು ಪರೀಕ್ಷೆಯಿಲ್ಲದೆ ಉಳಿಸಿದ ಅಷ್ಟೇ ಸಂಖ್ಯೆಯ ಸ್ತ್ರೀಯರನ್ನು ಕುರಿತು ಎದ್ದ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ ಎಂದೇ ಈ ಲೇಖಕನ ಮತ.

ಕೇಂದ್ರ ಆರೋಗ್ಯ ಇಲಾಖೆಯು 2016ರ ಸೂಚನೆಯಲ್ಲಿ 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಇದೇ ಪರೀಕ್ಷೆಯನ್ನು ವಿಧಿಸಿತು. ಹೆರಿಗೆಯ ಹಂಗಿಲ್ಲದೆ ಹೆಂಗಸಿನ ದೇಹವನ್ನು ಲೆಕ್ಕಕ್ಕೆ ತೆಗೆದುಕೊಂಡ ಕ್ರಮವೆಂಬ ಕಾರಣದಿಂದ ಇದು ಗಮನಾರ್ಹ. ಆದರೆ ಬಿಳಿಸೆರಗನ್ನೂ, ಮುಟ್ಟು ನಿಂತ ಮೇಲೆ ಕಾಣುವ ರಕ್ತವನ್ನೂ ಮನೆಯ ಗಂಡಸರೆದುರು ಆಡಲಾರದ ಹೆಂಗಸು, ಒಂದು ದಿನದ ಕೂಲಿಯನ್ನು ಬಿಟ್ಟು ಪರೀಕ್ಷೆಗೆ ಹೋಗಬೇಕಾದರೆ ಯಾರಿಗೆ ಯಾವ ಕಾರಣ ಹೇಳಿಯಾಳು? ನೋವು ತೋರದ ಕಾಲದಲ್ಲಿ ಹೋಗುವುದಂತೂ ಇನ್ನೂ ಕಷ್ಟ. ಪರೀಕ್ಷೆಯು ಫಲಿಸುವುದಾದರೋ ಆ ಕಾಲದಲ್ಲಿಯೇ. ಸುಲಿಯುವ ಯಂತ್ರಗಳು ಬಂದ ಮೇಲೂ ಹೆಂಗಸರು ಹತ್ತಾರು ಮಂದಿ ಒಂದೆಡೆ ಸೇರಿ, ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳುವ ಸ್ಥಳವೆಂದರೆ ಸುಲಿತದ ಅಂಗಳವೇ. ಅಲ್ಲಿ ಅವರು ಕೂಡುವುದು ಸಂಜೆಗೆ. ಆರೋಗ್ಯ ಕೇಂದ್ರದಲ್ಲಿ ಹೊರರೋಗಿಗಳನ್ನು ನೋಡುವ ವೇಳೆ ಅಷ್ಟರಲ್ಲಿ ಮುಗಿದಿರುತ್ತದೆ.